ಬಾಗಿಲ ಪಕ್ಕದ ಸೀಟು

ಮೊನ್ನೆ ಮಂಗಳೂರಿನಲ್ಲಿ, ಮಗಳ ಮನೆಯಲ್ಲಿದ್ದೆ. ಹದಿನಾರರ ಮೊಮ್ಮಗಳು ಮೊದಲ ಸಲ ಒಬ್ಬಳೇ ಟ್ಯಾಕ್ಸಿಯಲ್ಲಿ ಕಾಲೇಜಿಗೆ ಹೊರಟು ನಿಂತಿದ್ದಳು. ಮೊಬೈಲಿನಲ್ಲಿ ಡ್ರೈವರನ ಫೋಟೋ ಬಂತು, ಹೆಸರು ಬಂತು. ಅಳಿಯ ಕನ್ನಡಕ ಏರಿಸಿ ನೋಡಿ, "ಅತ್ತೆ, ಈ ಹೆಸ್ರ್ ಕಂಡ್ರೆ ಯಾವ ಬದಿಯವ ಅಂದೇಳಿ ಗೊತ್ತಾತ್ತಾ?" ಎಂದು ನನ್ನನ್ನು ಕೇಳಿದ. ಅದೇ ಹೊತ್ತಿಗೆ ಕೆಳಗೆ ಯಾರೋ ಕಾರಿನ ಬಾಗಿಲನ್ನು ಧಡ್ ಎಂದು ಹಾಕಿದರು. ನಾನು ನನ್ನ ಬಲಗೈಯ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡೆ.

ನಮ್ಮ ಕಾಲದ ಟ್ಯಾಕ್ಸಿಯನ್ನು ನೀವು ಕಂಡಿರಲಿಕ್ಕಿಲ್ಲ. ಅರುವತ್ತರ ದಶಕ ಮುಗಿಯುತ್ತ ಬಂದ ದಿನಗಳು. ವಂಡ್ಸೆಯಿಂದ ಕುಂದಾಪುರದ ಕಾಲೇಜಿಗೆ ಹೋಗುವ ನನಗೆ ಬೆಳಗಿನ ಬಸ್ಸು ತಪ್ಪಿದರೆ ಒಂದು ಮುದಿ ಬಾಡಿಗೆ ಕಾರೇ ಗತಿ. ಅದರೊಳಗೆ ಜನರನ್ನು ಅವಲಕ್ಕಿ ಚೀಲದ ಹಾಗೆ ಅದುಮಿ ತುಂಬುತ್ತಿದ್ದರು. ಡ್ರೈವರನ ಸೀಟಿನಲ್ಲೂ ಇನ್ನೊಬ್ಬ ಇರುತ್ತಿದ್ದುದರಿಂದ ಆತ ಅರ್ಧ ಹೊರಗೆ ಕೂತೇ ಓಡಿಸುತ್ತಿದ್ದ. ಹಿಂದಿನ ಎಡಬದಿಯ ಬಾಗಿಲಿನ ಚಿಲಕ ಯಾವ ಕಾಲದಲ್ಲೋ ಕೈಕೊಟ್ಟಿತ್ತು. ಅದಕ್ಕೊಂದು ತೆಂಗಿನ ನಾರಿನ ಹಗ್ಗ ಬಿಗಿದಿದ್ದರು.

ನಮ್ಮ ಮನೆಯ ಯಜಮಾನರು ಅಮ್ಮನ ಅಣ್ಣ, ನನ್ನ ದೊಡ್ಡ ಮಾವ. ಹೆಣ್ಣುಮಗುವಿನ ರಕ್ಷಣೆಯೆಂದರೆ ತನ್ನಿಂದ ಕಲಿಯಬೇಕು ಎಂಬ ಗತ್ತು ಅವರಿಗೆ. ಮೊದಲ ದಿನ ಶಾಲು ಹೊದ್ದು ಕಾರಿನ ತನಕ ಬಂದರು.

"ಹ್ವಾಯ್, ನಿಂಗ್ಳ್ ಮನಿ ಎಲ್ಲಾಯ್ತ್?" ಎಂದು ಡ್ರೈವರನನ್ನು ಕೇಳಿದರು.

"ಬಿಜೂರ್, ಅಯ್ಯ."

ಯಾರ ಮನೆ, ಅಜ್ಜಿಯ ಊರು ಯಾವುದು, ಸೋದರತ್ತೆಯನ್ನು ಎಲ್ಲಿಗೆ ಕೊಟ್ಟದ್ದು ಎಂದೆಲ್ಲ ವಿಚಾರಣೆಯಾಗಿ, ಕೊನೆಗೆ ಎಲ್ಲೋ ಒಂದು ದೂರದ ನಂಟು ಸಿಕ್ಕಿತು. ಮಾವನ ಮುಖ ಅರಳಿತು. "ಹಾಂಗಾರೆ ನಮ್ಮವ್ನೇ. ಹೆದ್ರಿಕಿ ಇಲ್ಲ. ಹೆಣ್ಣ್ ಬಾಗ್ಲ್ ಬದಿಗೆ ಕೂಕಣ್ಲಿ. ಅದ್ರ್ ಬದಿಗೆ ಒಂದ್ ಹೆಂಗ್ಸ್ ಕೂಕಣ್ಲಿ."

ಒಂದು ಬದಿಗೆ ಹೆಂಗಸು, ಇನ್ನೊಂದು ಬದಿಗೆ ಬಾಗಿಲು. ಬಾಗಿಲು ಗಂಡಸಲ್ಲವಲ್ಲ! ಹೀಗೆ ಊರಿನ ಹೆಣ್ಣುಮಕ್ಕಳ ಮಾನವನ್ನೆಲ್ಲ ಆ ಹಗ್ಗಕ್ಕೆ ಕಟ್ಟಿ ಹಿರಿಯರು ನೆಮ್ಮದಿಯಿಂದ ಕಾಫಿ ಕುಡಿಯುತ್ತಿದ್ದರು. ಡ್ರೈವರನ ಅಜ್ಜಿಯ ತನಕ ವಿಚಾರಿಸಿದ ಮಾವ ಹಗ್ಗವನ್ನು ಒಮ್ಮೆ ಜಗ್ಗಿ ನೋಡಲಿಲ್ಲ. ನಾನೇನು ಕಮ್ಮಿ ಪೆದ್ದಿಯೇ? ಹೊಸ ದಾವಣಿ ಉಟ್ಟು, ಪುಸ್ತಕವನ್ನು ಎದೆಗವಚಿಕೊಂಡು, ಗಾಳಿಗೆ ಮುಖವೊಡ್ಡಿ ಮಹಾರಾಣಿಯ ಹಾಗೆ ಕೂರುತ್ತಿದ್ದೆ.

ವರ್ಷದ ಪರೀಕ್ಷೆ ಹತ್ತಿರ ಬಂದಿತ್ತು. ಹೆಮ್ಮಾಡಿ ಸಿಗುವ ಮೊದಲು ಒಂದು ತಿರುವಿನಲ್ಲಿ ಹಗ್ಗ ಹರಿಯಿತು. ಬಾಗಿಲು ಹಾರಿ ತೆರೆದುಕೊಂಡಿತು. ನನ್ನ ಪುಸ್ತಕಗಳು ಹೋದವು, ಅವುಗಳ ಹಿಂದೆ ನಾನೂ ಅರ್ಧ ಹೋದೆ. ರಸ್ತೆಯ ಜಲ್ಲಿಕಲ್ಲು ಕಣ್ಣೆದುರೇ ಓಡುತ್ತಿತ್ತು. ಪಕ್ಕದಲ್ಲಿದ್ದ, ನನ್ನ ರಕ್ಷಣೆಗೆಂದೇ ಕೂರಿಸಿದ ಹೆಂಗಸು ಮಗಳ ಮನೆಗೆ ಕೋಳಿ ಒಯ್ಯುತ್ತಿದ್ದಳು. ಎರಡೂ ಕೈಗಳಿಂದ ಕೋಳಿಯನ್ನು ಅವಚಿಕೊಂಡಳು. ಅವಳ ಆಚೆ ಕೂತಿದ್ದ ನಡುವಯಸ್ಸಿನ ಗಂಡಸೊಬ್ಬರು ಮೈ ಚಾಚಿ ನನ್ನ ಬಲಗೈಯನ್ನು ಹಿಡಿದು ಒಳಗೆಳೆದರು. "ಗಟ್ಟಿ ಹಿಡ್ಕಣ್ ಮಗಾ, ಬಿಡ್ಬೇಡ," ಎಂದರು. ಹೆಮ್ಮಾಡಿಯಲ್ಲಿ ಇಳಿದು ಬೈಂದೂರಿನ ಬಸ್ಸು ಹತ್ತಿ ಹೋದರು. ಹೆಸರು ಕೇಳುವಷ್ಟು ಉಸಿರು ನನ್ನಲ್ಲಿರಲಿಲ್ಲ.

ಸುದ್ದಿ ನನಗಿಂತ ಮೊದಲೇ ಮನೆಗೆ ಮುಟ್ಟಿತ್ತು. ಮಾವ ಜಗಲಿಯಲ್ಲಿ ಕೂತಿದ್ದರು. ನನ್ನ ಮಣಿಕಟ್ಟು ಬಾತು ಬದನೆಕಾಯಿಯಾಗಿತ್ತು. ಅದನ್ನು ಕಂಡೇ ಅವರು ಕೇಳಿದ್ದು:

"ಕೈ ಹಿಡ್ದದ್ ಯಾರ್? ಯಾವ್ ಮನಿಯವ?"

"ಗೊತ್ತಿಲ್ಲ, ಮಾವ."

"ಗೊತ್ತಿಲ್ದಿದ್ದವ ಕೈ ಹಿಡೂದ್ ಅಂದ್ರೆ ಎಂತ? ಅದ್ ಗೊತ್ತಾಪು ವರಿಗೆ ಕಾಲೇಜ್ ಬ್ಯಾಡ."

ಅಡುಗೆಮನೆಯಲ್ಲಿ ಅಮ್ಮ ಅರಸಿನ ಹಚ್ಚುತ್ತ, "ಭಾರೀ ನೋವಿತ್ತಾ?" ಎಂದು ಪಿಸುಗುಟ್ಟಿದಳು. ಆ ಮನೆಯಲ್ಲಿ ಅದನ್ನು ಕೇಳಿದ್ದು ಅವಳೊಬ್ಬಳೇ, ಅದೂ ಅಣ್ಣನಿಗೆ ಕೇಳಿಸದ ಹಾಗೆ.

ಮಾವ ಬೈಂದೂರಿಗೆ ಜನ ಕಳಿಸಿದರು, ತಾವೂ ಹೋದರು. ಆ ಪುಣ್ಯಾತ್ಮರ ಮನೆತನ, ಮದುವೆ, ಮಕ್ಕಳು ಎಲ್ಲವೂ ಗೊತ್ತಾಗಿ, ಅಡ್ಡಿಯಿಲ್ಲದ ಜನವೆಂದು ತೀರ್ಮಾನವಾಗುವಷ್ಟರಲ್ಲಿ ಪರೀಕ್ಷೆ ಮುಗಿದಿತ್ತು. ಮರುವರ್ಷ ಬರೆದರಾಯಿತು ಎಂದರು. ಮರುವರ್ಷ ಮದುವೆಯಾಯಿತು. ಆ ಕಾರು ಮಾತ್ರ ಹೊಸ ಹಗ್ಗ ಕಟ್ಟಿಕೊಂಡು ಓಡುತ್ತಲೇ ಇತ್ತು, ಬಾಗಿಲ ಪಕ್ಕ ಇನ್ನೊಬ್ಬರ ಮನೆಯ ಹುಡುಗಿಯನ್ನು ಕೂರಿಸಿಕೊಂಡು. ಇಷ್ಟು ವರ್ಷವಾದರೂ ನನಗೆ ಆ ಸಿಟ್ಟು ಇಳಿದಿಲ್ಲ, ಇಳಿಯುವುದೂ ಬೇಡ.

"ಎಂತ ಅತ್ತೆ, ಯಾವ ಬದಿಯವ?" ಅಳಿಯ ಇನ್ನೂ ಕಾಯುತ್ತಿದ್ದ.

"ನಂಗೆಂತಕ್ಕೆ ಅದ್?" ಎಂದೆ. ಅಳಿಯನ ಹತ್ತಿರ ನಾನು ಹಾಗೆ ಮಾತಾಡಿದ್ದು ಅದೇ ಮೊದಲು.

ಮಂಡಿನೋವನ್ನು ಬೈದುಕೊಳ್ಳುತ್ತ ಮೆಟ್ಟಿಲಿಳಿದು ಮೊಮ್ಮಗಳ ಜೊತೆ ಕಾರಿನ ತನಕ ಹೋದೆ. ಅವಳು ಕೂತ ಮೇಲೆ ಬಾಗಿಲು ಹಾಕಿ, ಎರಡು ಸಲ ಜಗ್ಗಿ ನೋಡಿದೆ. ಡ್ರೈವರ್ ನಕ್ಕ, ನಗಲಿ. ಕಿಟಕಿಯಲ್ಲಿ ಬಗ್ಗಿ ಹೇಳಿದೆ:

"ದಾರಿ ಮೇಲ್ ಎಂತ ಆದ್ರೂ ಮನಿಗ್ ಬಂದ್ ನಂಗ್ ಹೇಳ್ ಮಗಾ. ಮಾರನೆ ದಿನವೂ ನೀ ಹೋಪುದೇ."