ಎಡಗಡೆಯ ಕೌಜುಗ

ಸುಲೇಪೇಟದ ಹಣಮಂತರಾಯ ಗೌಡರ ಪಡಸಾಲೆಯಲ್ಲಿ ಐದು ಬಂದೂಕು, ಹನ್ನೊಂದು ಗಡಿಯಾರ ಇದ್ದವು. ಬಂದೂಕು ಗೋಡೆಯ ಮೇಲೆ, ಗಡಿಯಾರ ಗಾಜಿನ ಕಪಾಟಿನಲ್ಲಿ. ಮನೆಗೆ ಬಂದವರು ಯಾರೇ ಇರಲಿ, ಅವುಗಳ ಮುಂದೆ ನಿಲ್ಲಿಸಿ, ಚಹಾ ಆರುವ ತನಕ ವರ್ಣಿಸುತ್ತಿದ್ದರು. ಇಷ್ಟೆಲ್ಲ ಇಟ್ಟುಕೊಂಡ ಗೌಡರಿಗೆ ವೇಳೆ ಎಷ್ಟಾಯಿತೆಂದು ತಿಳಿಯಬೇಕಾದರೆ ಆಳನ್ನು ಕರೆದು "ಕಲಬುರ್ಗಿ ಬಸ್ ಹೋಯ್ತೇನಲೇ?" ಎಂದು ಕೇಳುತ್ತಿದ್ದರು. ಗಡಿಯಾರ ಇದ್ದದ್ದು ನೋಡಲಿಕ್ಕಲ್ಲ, ತೋರಿಸಲಿಕ್ಕೆ.

ಆ ಗಡಿಯಾರಗಳಿಗೆ ದಿನಾ ಮುಂಜಾನೆ ಚಾವಿ ಕೊಡುತ್ತಿದ್ದವನು ಕಂಬಾರ ಪೀರಪ್ಪ. ಹರೆಯದಲ್ಲಿ ಶಹಾಬಾದದ ಕಾರ್ಖಾನೆಯೊಂದರಲ್ಲಿ ಆರು ವರ್ಷ ಅರ ತಿಕ್ಕಿದವನು. ರಜೆಯ ದಿನ ಎಲ್ಲರೂ ಸೇಂದಿ ಅಂಗಡಿಗೆ ಹೋದರೆ ಇವನು ರೈಲು ಹತ್ತಿ ವಾಡಿಗೆ ಹೋಗಿ, ಸ್ಟೇಷನ್ ಎದುರಿನ ಅಬ್ದುಲ್ ಕರೀಮನ ಗಡಿಯಾರದಂಗಡಿಯಲ್ಲಿ ಕೂಡುತ್ತಿದ್ದ. ಕೂದಲೆಳೆಯಂಥ ಸ್ಪ್ರಿಂಗು ಕೂಡಿಸುವುದನ್ನು ಅಲ್ಲೇ ಕಲಿತ. "ಕುಡುಗೋಲು ಬಡಿಯೋ ಕೈ ಅಲ್ಲಪ್ಪ ಇದು" ಎಂದಿದ್ದನಂತೆ ಕರೀಮ. ಅದೊಂದು ಮಾತನ್ನು ಪೀರಪ್ಪ ಜನ್ಮವಿಡೀ ಕಟ್ಟಿಕೊಂಡು ತಿರುಗಿದ. ಅಪ್ಪ ತೀರಿಕೊಂಡ ಮೇಲೆ ಊರಿಗೆ ಬಂದು ಬಡಿದದ್ದು ಮಾತ್ರ ಕುಡುಗೋಲನ್ನೇ.

ಅರವತ್ತೆರಡನೆಯ ಇಸವಿಯಲ್ಲಿ ಗೌಡರು ಚಿಂಚೋಳಿ ಅಡವಿಗೆ ಶಿಕಾರಿಗೆ ಹೋದಾಗ ಅವರ ಜೀವದಂಥ ಜೋಡುನಳಿಗೆಯ ಬಂದೂಕು ಜೀಪಿನಿಂದ ಹಾಸುಬಂಡೆಯ ಮೇಲೆ ಬಿತ್ತು. ವಿಲಾಯತಿ ಬಂದೂಕು, ಅವರಪ್ಪ ನಿಜಾಮರ ಕಾಲದಲ್ಲಿ ಹೈದರಾಬಾದಿನಿಂದ ತಂದದ್ದು. ಗುಂಡು ಹಾರಿಸಲು ಹಿಂದಕ್ಕೆ ಎಳೆಯುವ ಎಡಗಡೆಯ ಕುದುರೆ ಮುರಿಯಿತು. ಅದರ ಕೆಳಗಿನ ಉಕ್ಕಿನ ತಗಡು ಒಡೆದು, ಅರ್ಧ ತುಂಡು ಅಡವಿಯಲ್ಲೇ ಕಳೆದುಹೋಯಿತು. ಗೌಡರು ಮೂರು ದಿನ ಊಟ ಬಿಟ್ಟರು. ನಾಲ್ಕನೆಯ ದಿನ ಪೀರಪ್ಪನನ್ನು ಕರೆಸಿ, "ನಿನ್ನ ಕೈಲೆ ಆಗ್ತದೇನಲೇ ಪೀರ್ಯಾ?" ಎಂದರು.

ಆಗುತ್ತದೆ ಎಂದ. ಜೀಪಿನ ಹಳೇ ಸ್ಪ್ರಿಂಗು ಕಾಯಿಸಿ ಬಡಿದು, ಅರ ತಿಕ್ಕಿ, ಕುದುರೆ ಮಾಡಿದ, ತಗಡು ಮಾಡಿದ. ಮೂರು ತಿಂಗಳು ಕುಲುಮೆಯಲ್ಲಿ ಬೇರೆ ಕೆಲಸ ಮುಟ್ಟಲಿಲ್ಲ. ಕಡೆಗೆ ಉಳಿದದ್ದು ಚಿತ್ರ. ಬಲಗಡೆಯ ತಗಡಿನ ಮೇಲೆ ವಿಲಾಯತಿಯವರು ಉದ್ದ ಬಾಲದ ಯಾವುದೋ ಹಕ್ಕಿ ಕೊರೆದಿದ್ದರು. ಅದನ್ನೇ ಎಡಕ್ಕೂ ಕೊರೆಯಬೇಕು. ಸೀಸದ ತುಂಡಿನ ಮೇಲೆ ಹತ್ತು ಸಲ ಕೊರೆದು ನೋಡಿದ. ಹಕ್ಕಿ ಬಂತು, ಜೀವ ಬರಲಿಲ್ಲ. ಕಣ್ಣಿಲೆ ಕಾಣದ ಹಕ್ಕಿ ಕೈಗೆ ಬರುವುದಾದರೂ ಹೇಗೆ? ಹನ್ನೊಂದನೆಯ ಸಲ ಸುಮ್ಮನೆ ಕೂತು, ತೊಗರಿ ಹೊಲದ ಬದುವಿನಲ್ಲಿ ದಿನಾ ಓಡಾಡುವ ಕೌಜುಗವನ್ನು ಕೊರೆದ. ಮೋಟು ಬಾಲ, ಉಬ್ಬಿದ ಎದೆ, ಮೈಮೇಲೆ ಗೀರು ಗೀರು ಗರಿ. ಈಗ ಹಾರೀತು ಎನ್ನುವಂತೆ ಬಂತು.

ಬೈಸಿಕೊಳ್ಳುವ ತಯಾರಿಯಲ್ಲೇ ಬಂದೂಕು ಒಯ್ದುಕೊಟ್ಟ. ಗೌಡರು ಕುದುರೆ ಎಳೆದು, ಟಕ್ಕೆನ್ನುವ ಸಪ್ಪಳ ಕೇಳಿ, "ಹ್ಞೂಂ" ಎಂದು ಗೋಡೆಗೆ ತೂಗುಹಾಕಿದರು. ಹಕ್ಕಿಯ ಕಡೆ ನೋಡಲೇ ಇಲ್ಲ. ವರ್ಷಕ್ಕೆ ನೂರು ಕೌಜುಗ ಹೊಡೆದು ತಿನ್ನುವ ಮನುಷ್ಯ, ತನ್ನ ಬಂದೂಕಿನ ಮೇಲಿನ ಕೌಜುಗವನ್ನು ಹದಿನಾರು ವರ್ಷದಲ್ಲಿ ಒಮ್ಮೆಯೂ ಗುರುತಿಸಲಿಲ್ಲ. ಹೆಮ್ಮೆ ಇದ್ದವರಿಗೆ ಕಣ್ಣು ಇರಬೇಕೆಂದೇನೂ ಇಲ್ಲವಲ್ಲ.

ಅತಿಥಿಗಳು ಬಂದಾಗ ಪೀರಪ್ಪ ಗಡಿಯಾರ ಒರೆಸುವ ನೆವದಲ್ಲಿ ಬಾಗಿಲ ಹತ್ತಿರವೇ ನಿಲ್ಲುತ್ತಿದ್ದ. ಗೌಡರು ಎಡಗಡೆಯ ತಗಡಿನ ಮೇಲೆ ಬೆರಳಾಡಿಸಿ, "ನೋಡ್ರಿ, ಹೆಂಥಾ ಕುಸುರಿ! ಇಂಥಾ ಕೆಲಸ ನಮ್ಮ ಮಂದಿ ಕೈಲೆ ಆಗ್ತದೇನ್ರಿ? ವಿಲಾಯತಿ ಮಾಲು!" ಎನ್ನುತ್ತಿದ್ದರು. ಪೀರಪ್ಪನಿಗೆ ಬೇಕಾದದ್ದು ಇಷ್ಟೇ: ನಾಲ್ಕು ಮಂದಿಯ ಮುಂದೆ ಗೌಡರು ಒಮ್ಮೆ, ಒಂದೇ ಒಂದು ಸಲ, "ಇದು ನಮ್ಮ ಪೀರಪ್ಪ ಮಾಡಿದ್ದು" ಅನ್ನಬೇಕು. ಅನ್ನಲಿಲ್ಲ. ಮನೆಗೆ ಬಂದು ಮುಖ ಬಾಡಿಸಿ ಕೂತರೆ ಹೆಂಡತಿ ಸಾಬಮ್ಮ, "ಹಿತ್ತಲ ಗಿಡ ಮದ್ದಲ್ಲರಿ. ಕೈ ತೊಳಕೊಂಡು ಉಣ್ಣಬರ್ರಿ" ಎನ್ನುತ್ತಿದ್ದಳು.

ಎಪ್ಪತ್ತೆಂಟರಲ್ಲಿ ಎಲೆಕ್ಷನ್ ಬಂತು. ಎಲೆಕ್ಷನ್ ಬಂದರೆ ಬಂದೂಕುಗಳನ್ನು ಠಾಣೆಯಲ್ಲಿ ಇಡಬೇಕು. ಆ ವರ್ಷ ಬಂದಿದ್ದ ಹೊಸ ಪೊಲೀಸ್ ಸಾಹೇಬನಿಗೆ ಬಂದೂಕಿನ ವಿಷಯ ಗೊತ್ತಿತ್ತು. ಬಲಗಡೆ ನೋಡಿದ, ಎಡಗಡೆ ನೋಡಿದ, ನಕ್ಕ.

"ಗೌಡ್ರ, ವಿಲಾಯತ್ಯಾಗ ಕೌಜುಗ ಯಾವಾಗಿಂದ ಹುಟ್ಟಾಕತ್ಯಾವ್ರಿ? ಯಾರು ಮಾಡಿದ್ದಿದು? ಬಂದೂಕಿನ ಸಾಮಾನು ಲೈಸೆನ್ಸ್ ಇಲ್ದ ಮಾಡೋದು ಗುನ್ಹೆ ಅದ."

ಠಾಣೆಯಲ್ಲಿ ಆಗ ಹತ್ತಿಪ್ಪತ್ತು ಮಂದಿ ಇದ್ದರು. ಬಂದೂಕಿನ ಪೆಟ್ಟಿಗೆ ಹೊತ್ತು ತಂದಿದ್ದ ಪೀರಪ್ಪನೂ ಬಾಗಿಲಲ್ಲೇ ನಿಂತಿದ್ದ. ಗೌಡರು ಬೆವರು ಒರೆಸಿಕೊಂಡು, ಅವನ ಕಡೆ ಕೈಮಾಡಿ, ಜೋರಾಗಿ ಹೇಳಿದರು:

"ಇವನೇರಿ! ಇದು ಪೀರಪ್ಪ ಮಾಡಿದ್ದು. ಪೂರಾ ಇವನ ಕೈಕೆಲಸ. ನಂಗೇನೂ ಗೊತ್ತಿಲ್ಲರಿ!"

ಹದಿನಾರು ವರ್ಷ ಕಾದ ಮಾತು. ಒಂದು ಗಳಿಗೆ ಪೀರಪ್ಪನ ಎದೆ ಉಬ್ಬಿತು, ಸುಳ್ಳು ಯಾಕೆ ಹೇಳಲಿ. ಆಮೇಲೆ ಕೈಗೆ ಕೋಳ ಬಿತ್ತು.

ಒಂಬತ್ತು ದಿನ ಒಳಗಿದ್ದ. ಅಷ್ಟರಲ್ಲಿ ವಕೀಲನೊಬ್ಬ ಗೌಡರಿಗೆ ತಿಳಿಸಿ ಹೇಳಿದ, ಮಾಡಿದವನು ಸಿಕ್ಕಿಬಿದ್ದರೆ ಮಾಡಿಸಿದವರೂ ಸಿಕ್ಕಿಬೀಳುತ್ತಾರೆ ಎಂದು. ಗೌಡರು ತಾವೇ ಜಾಮೀನು ಕೊಟ್ಟು ಬಿಡಿಸಿದರು. ಮನೆಗೆ ಕರೆಸಿ ಮೊದಲ ಸಲ ಕುರ್ಚಿ ತೋರಿಸಿ, "ಕುಂದ್ರೋ ಪೀರಪ್ಪ. ಅವತ್ತು ಗಾಬರ್ಯಾಗ ಅಂದುಬಿಟ್ಟೆ. ಕೋರ್ಟಿನ್ಯಾಗ ನಾನು ಅವತ್ತು ತಪ್ಪಿ ನಿನ್ನ ಹೆಸರು ಹೇಳಿದೆ ಅಂತೀನಿ, ನೀನು ಆ ಕೆಲಸ ನಂದಲ್ಲ ಅನ್ನು. ಇಬ್ರೂ ಪಾರಾಗ್ತೀವಿ" ಎಂದರು. ಪೀರಪ್ಪ ನಿಂತೇ ಇದ್ದ. ಸಾಬಮ್ಮ ಎರಡು ದಿನ ಅತ್ತು, "ಹೆಸರು ತಗೊಂಡು ನೆಕ್ಕಾಕ ಬರ್ತದೇನ್ರಿ? ಅಲ್ಲ ಅಂದು ಮನಿಗಿ ಬರ್ರಿ" ಎಂದಳು.

ಚಿಂಚೋಳಿಯ ಕೋರ್ಟಿನಲ್ಲಿ ಬಂದೂಕನ್ನು ಮೇಜಿನ ಮೇಲೆ ಇಟ್ಟಿದ್ದರು. ಕೌಜುಗದ ಎದೆಯ ಮೇಲೆ ಕಿಟಕಿಯ ಬೆಳಕು ಬಿದ್ದಿತ್ತು. ಜಡ್ಜ್ ಸಾಹೇಬರು ಅದನ್ನು ಬಹಳ ಹೊತ್ತು ನೋಡಿದರು. ಆ ಬಂದೂಕನ್ನು ಅಷ್ಟು ಹೊತ್ತು, ಅಷ್ಟು ಸನಿಹದಿಂದ ನೋಡಿದವರು ಅವರೊಬ್ಬರೇ. "ಎಷ್ಟು ಚೆಂದ ಮಾಡಿದಾರೆ" ಎಂದು ತಮ್ಮಷ್ಟಕ್ಕೆ ಅಂದುಕೊಂಡು, ತಲೆಯೆತ್ತಿ ಕೇಳಿದರು: "ಏನಪ್ಪಾ, ಇದು ನಿನ್ನ ಕೆಲಸವೇ?"

ಮಂದಿ ತುಂಬಿತ್ತು. ಪೀರಪ್ಪ ಹಕ್ಕಿಯನ್ನು ನೋಡಿದ. ಹಿಂದೆ ಕೂತ ಸಾಬಮ್ಮನನ್ನು ನೋಡಿದ.

"ಅಲ್ರಿ ಸಾಹೇಬ್ರ. ಇಂಥಾ ಕೆಲಸ ನಮ್ಮ ಮಂದಿ ಕೈಲೆ ಆಗ್ತದೇನ್ರಿ? ವಿಲಾಯತಿ ಮಾಲ್ರಿ ಅದು."

ಬೇರೆ ಸಾಕ್ಷಿ ಇಲ್ಲದೆ ಕೇಸು ಬಿದ್ದುಹೋಯಿತು. ಹೊರಗೆ ಬೇವಿನ ಗಿಡದ ಕೆಳಗೆ, ಊರ ಮಂದಿಯೆಲ್ಲ ನೋಡುತ್ತಿರುವಾಗ, ಗೌಡರು ಅವನ ಬೆನ್ನು ತಟ್ಟಿದರು.

"ಶಾಬಾಸ್, ಪೀರಪ್ಪ!"