ಮೊಮ್ಮಗಳ ಅಗಲ ಮುಖ

ಕಬಡ್ಡಿ ಆಡುವಾಗ ನನ್ನ ಮೊಮ್ಮಗಳು ಎದುರು ತಂಡದ ಹುಡುಗಿಯ ಕೆನ್ನೆಗೆ ಬಾರಿಸಿದ್ದು ಇವಳ ಮುಖ ಅಗಲ ಇರುವುದಕ್ಕಲ್ಲ. ಆ ಹುಡುಗಿ ಜಡೆ ಹಿಡಿದು ಎಳೆದದ್ದಕ್ಕೆ. ಕಾರ್ಕಳದಲ್ಲಿ ಆದದ್ದು ಇಷ್ಟೇ. ನಾನು ಅಲ್ಲೇ ನಿಂತು ಕಣ್ಣಾರೆ ನೋಡಿದ್ದೇನೆ.

ಕಾಪುವಿನ ಅವಳ ಶಾಲೆಯ ಆಟದ ಮಾಷ್ಟ್ರು ಮಾತ್ರ ಬೇರೆ ಕಾರಣ ಹಿಡಿದುಕೊಂಡರು. ಕಾರ್ಕಳದ ಪಂದ್ಯಕ್ಕೆ ಹದಿನೈದು ದಿನ ಮೊದಲು ಮಣಿಪಾಲದಲ್ಲಿ ಓದುವ ಹುಡುಗಿಯೊಬ್ಬಳು ಬಂದು, ಇಕ್ಕಳದಂಥದ್ದೊಂದು ಹಿಡಿದು ತಂಡದವರ ಮುಖವನ್ನೆಲ್ಲ ಅಳೆದಿದ್ದಳು. ಈ ಕೆನ್ನೆಯಿಂದ ಆ ಕೆನ್ನೆಗೆ ಎಷ್ಟು, ಹುಬ್ಬಿನಿಂದ ಮೇಲ್ದುಟಿಗೆ ಎಷ್ಟು ಎಂದು. ಮುಖ ಅಗಲ ಇರುವ ಆಟಗಾರರು ಬೇಗ ಹೊಡೆಯಲು ಕೈ ಎತ್ತುತ್ತಾರಂತೆ. ಅಳತೆಯ ಪಟ್ಟಿಯೊಂದನ್ನು ಮಾಷ್ಟ್ರಿಗೂ ಕೊಟ್ಟಿದ್ದಳು. ಅದರಲ್ಲಿ ಎಲ್ಲರಿಗಿಂತ ಅಗಲ ನನ್ನ ಮೊಮ್ಮಗಳದ್ದು. ಇರದೆ ಏನು, ಅದು ನನ್ನದೇ ಮುಖ.

ಮಾಷ್ಟ್ರು ಆ ಪಟ್ಟಿಯನ್ನು ಜಾತಕದ ಹಾಗೆ ಓದಿ, ಮುಂದೆ ಉಡುಪಿಯಲ್ಲಿ ಆಗುವ ಪಂದ್ಯದಿಂದ ಇವಳ ಹೆಸರು ಹೊಡೆದುಹಾಕಿದರು. ಹುಡುಗಿ ಊಟ ಬಿಟ್ಟಳು.

ಮಾಷ್ಟ್ರದ್ದು ನಾನು ದಿನಾ ಮೀನು ಕೊಡುವ ಮನೆ. ಬುಟ್ಟಿ ಇಳಿಸಿ ಕೇಳಿದೆ.

“ಎಂತ ಮಾಷ್ಟ್ರೆ, ಬಂಗುಡೆ ತಕ್ಕೊಳ್ಳುವಾಗಲೂ ನೀವು ಕಿವಿರು ಎತ್ತಿ ನೋಡ್ತೀರಿ. ನಮ್ಮ ಮಗುವಿಗೆ ಮುಖ ನೋಡಿದ್ರೆ ಸಾಕಾ?”

“ಅಳತೆಯಲ್ಲಿ ಉಂಟಲ್ಲ ಅಜ್ಜಿ. ನಾನು ಎಂತ ಮಾಡುವುದು?”

“ನಂದೂ ಇದೇ ಮುಖ ಮಾರಾಯ್ರೆ. ಹತ್ತು ವರ್ಷದಿಂದ ನಿಮ್ಮ ಹೆಂಡತಿ ಚೌಕಾಸಿ ಮಾಡ್ತಾರೆ. ಒಂದು ದಿನವಾದ್ರೂ ಹೊಡೆದಿದ್ದೇನಾ?”

ಒಳಗೆ ಅವರ ಹೆಂಡತಿ ನಕ್ಕದ್ದು ಕೇಳಿತು.

ಎಸ್‌ಟಿಡಿ ಬೂತಿನಿಂದ ಫೋನು ಮಾಡಿಸಿ ಆ ಮಣಿಪಾಲದ ಹುಡುಗಿಯನ್ನು ಸಂಜೆ ಮೈದಾನಕ್ಕೆ ಕರೆಸಿದೆ. ಮಾಷ್ಟ್ರ ಎದುರೇ ವಿಚಾರಿಸಿದರೆ ಅವಳು ಪೆಚ್ಚಾದಳು.

“ಅಯ್ಯೋ ಸರ್, ಹಾಗೊಂದು ಮಾತುಂಟು ಅಷ್ಟೆ. ಅದು ನಿಜವಾ ಸುಳ್ಳಾ ಅಂತ ನೋಡ್ಲಿಕ್ಕೇ ನಾನು ಅಳೆಯುವುದು. ನನಗೇ ಇನ್ನೂ ಗೊತ್ತಿಲ್ಲ!”

ಮಾಷ್ಟ್ರು ಸೀಟಿಯನ್ನು ಬಾಯಿಗಿಟ್ಟು, ಊದದೆ ತೆಗೆದರು.

“ಆಯ್ತು, ಮುಖದ ಮಾತು ಬಿಡುವ. ಆದರೆ ಹೊಡೆದದ್ದು ಹೌದಲ್ವಾ ಅಜ್ಜಿ? ಕಾರ್ಕಳದ ಆ ಹುಡುಗಿಯ ಹತ್ರ ಹೋಗಿ ತಪ್ಪಾಯ್ತು ಅಂತ ಹೇಳಿ ಬರಲಿ. ಹೆಸರು ಸೇರಿಸ್ತೇನೆ.”

ಅದು ನ್ಯಾಯದ ಮಾತು. ಮೊಮ್ಮಗಳಿಗೆ ಒಪ್ಪಿಗೆಯಾಗಲಿಲ್ಲ. “ಮೊದಲು ಎಳೆದದ್ದು ಅವಳು. ನಾನು ಯಾಕೆ ಹೋಗಬೇಕು?” ಎಂದು ಮುಖ ಊದಿಸಿದಳು. ಮುಖ ಇನ್ನಷ್ಟು ಅಗಲವಾಯಿತು.

ಮರುದಿನ ಬೆಳಿಗ್ಗೆ ನಾನು ಮೀನಿಗೆಂದು ಮಲ್ಪೆಗೆ ಹೋಗಲಿಲ್ಲ. ಅವಳ ರಟ್ಟೆ ಹಿಡಿದು ಕಾರ್ಕಳದ ಬಸ್ಸು ಹತ್ತಿಸಿದೆ.