ಶಶಿಗೆ ಹೆಣ್ಣು ನೋಡಲು ಹೊರಟಾಗ ನಾನು ಎದುರು ಬಂದದ್ದು

ನನ್ನ ಮೊಮ್ಮಗ ಶಶಿಕುಮಾರನಿಗೆ ಈಗ ಇಪ್ಪತ್ತೈದು. ಕೆಂಗೇರಿ ಆಚೆ ನಮಗೆ ಉಳಿದಿರುವ ಒಂದೂವರೆ ಎಕರೆಯಲ್ಲಿ ಸೊಪ್ಪು ಬೆಳೆಯುತ್ತಾನೆ. ದಂಟಿರಲಿ, ಸಬ್ಬಸಿಗೆ ಇರಲಿ, ಅವನ ಕೈಯ ಕಟ್ಟು ಮದುವಣಗಿತ್ತಿಯ ಜಡೆಯಂತೆ ಇರುತ್ತದೆ. ಬೆಳಗ್ಗೆ ಆರಕ್ಕೆ ದರ್ಶನ್ ಟೆಂಪೋ ತಂದು ಅದನ್ನೆಲ್ಲ ವಿಜಯನಗರದ ಮಾರ್ಕೆಟ್ಟಿಗೆ ಒಯ್ಯುತ್ತಾನೆ. ಅವನೂ ಶಶಿಯ ವಯಸ್ಸಿನವನೇ. ಹತ್ತು ನಿಮಿಷದ ಲೋಡಿಗೆ ಇಬ್ಬರೂ ಒಂದು ಗಂಟೆ ತೆಗೆದುಕೊಳ್ಳುತ್ತಿದ್ದರು. ಸೊಪ್ಪು ಬಾಡುತ್ತಿತ್ತು, ಅವರು ಮಾತ್ರ ನಳನಳಿಸುತ್ತಿದ್ದರು.

ಹೋದ ವರ್ಷ ನನ್ನ ಮಗ ಸಿದ್ದಬಸಪ್ಪ ಶಶಿಗೆ ಹೆಣ್ಣು ನೋಡಲು ಶುರುಮಾಡಿದ. ಮೊದಲನೆಯವಳು ಮಹಾಲಕ್ಷ್ಮಿ ಲೇಔಟಿನ ಹುಡುಗಿ. ಗಂಡ ಸತ್ತವಳು ಶುಭಕಾರ್ಯಕ್ಕೆ ಹೊರಟವರ ಎದುರು ಬರಬಾರದೆಂದು ಅಂಥ ದಿನ ನಾನು ಹಿತ್ತಿಲು ಸೇರುತ್ತೇನೆ. ಹನ್ನೊಂದು ವರ್ಷದ ಅಭ್ಯಾಸ. ಅವತ್ತು ಕರು ಹಗ್ಗ ಬಿಚ್ಚಿಕೊಂಡು ಓಡಿತು. ಅದರ ಹಿಂದೆ ಓಡಿದ ನಾನು ನೇರವಾಗಿ ಕಾರಿನ ಮುಂದೆ ಬಂದು ನಿಂತೆ. ಕೈಯಲ್ಲಿ ಖಾಲಿ ಬಕೆಟ್ಟು ಬೇರೆ.

"ಅಮ್ಮಾ! ಏನಮ್ಮ ನೀನು!" ಎಂದು ಮಗ ಹಣೆ ಚಚ್ಚಿಕೊಂಡ. ಎಲ್ಲರೂ ಒಳಗೆ ಬಂದು ಕೂತು ನೀರು ಕುಡಿಯುವಷ್ಟರಲ್ಲಿ ರಾಹುಕಾಲ ಬಂತು. ಪ್ರಯಾಣ ನಿಂತಿತು. ನಾನು ಅಳುತ್ತಾ ಕೂತಿದ್ದರೆ ಶಶಿ ಬಂದು ಕಾಲು ಹಿಡಿದ.

"ಅಜ್ಜಿ, ಮುಂದಿನ ಸಲಾನೂ ಹೀಗೇ ಬಂದ್ಬಿಡಜ್ಜಿ."

"ಹುಚ್ಚು ಹಿಡೀತೇನೋ?"

"ನಂಗೆ ಹುಡುಗೀರ ಮೇಲೆ ಮನಸ್ಸು ಬರಲ್ಲ. ಯಾವತ್ತೂ ಬಂದಿಲ್ಲ. ದರ್ಶನ್ ಇದಾನಲ್ಲ, ನಿಂಗೆ ತಾತ ಇದ್ದ ಹಾಗೆ ನಂಗೆ ಅವನು."

ನಾನು ಸೆರಗಿನಿಂದ ಕಣ್ಣೊರೆಸಿಕೊಂಡೆ. "ನಿಮ್ ತಾತ ಗೊರಕೆ ಹೊಡೀತಿದ್ರು. ಇವನು?"

"ಇನ್ನೂ ಗೊತ್ತಿಲ್ಲ ಅಜ್ಜಿ" ಎಂದು ಕಿವಿಯವರೆಗೆ ಕೆಂಪಾದ.

"ನಿಮ್ಮಪ್ಪನಿಗೆ ಹೇಳೋ."

"ಹೇಳಿದ್ರೆ ಮನೆಯಿಂದ ಓಡಿಸ್ತಾರೆ. ಸುಮ್ನಿದ್ರೆ ಯಾರದೋ ಹುಡುಗಿ ಬಾಳು ಹಾಳಾಗುತ್ತೆ."

ಆಮೇಲೆ ಎರಡು ಸಲ ಬೇಕಂತಲೇ ಎದುರು ಬಂದೆ. ಒಮ್ಮೆ ಒಗೆದ ಬಟ್ಟೆ ಹಿಡಿದು, ಇನ್ನೊಮ್ಮೆ ಗೇಟು ಹಾಕುವ ನೆಪದಲ್ಲಿ. ನಾನು ಎದುರು ಬಂದರೂ ಒಬ್ಬರಿಗೆ ಒಳ್ಳೆಯದಾಗುತ್ತದೆಂದು ಹನ್ನೊಂದು ವರ್ಷದಲ್ಲಿ ಅದೇ ಮೊದಲು ತಿಳಿದದ್ದು. ಸೀರೆ ಕೂಡ ಒಳ್ಳೆಯದೇ ಉಡುತ್ತಿದ್ದೆ.

ನಾಲ್ಕನೆಯ ಸಲ ಸೊಸೆ ರಾಗಿಣಿ ಉಪಾಯ ಕಂಡುಹಿಡಿದಳು. "ಅತ್ತೇನೇ ಮೊದ್ಲು ಕಾರಲ್ಲಿ ಕೂರಿಸ್ರೀ. ಒಳಗೆ ಕೂತೋರು ಎದುರು ಹೇಗೆ ಬರ್ತಾರೋ ನೋಡೇ ಬಿಡ್ತೀನಿ."

ಹಣ್ಣಿನ ಬುಟ್ಟಿಯ ಪಕ್ಕ ನನ್ನನ್ನೂ ಕೂರಿಸಿದರು. ಮಗ ಎಂಜಿನ್ ಶುರುಮಾಡಿದ. ಶಶಿ ಹತ್ತಲಿಲ್ಲ. ಕಿಟಕಿಯಿಂದ ನನ್ನ ಮುಖ ನೋಡಿದ. ನಾನೇನು ಮಾಡಲಿ? ಅವನೇ ಸುತ್ತಿಕೊಂಡು ಹೋಗಿ ಕಾರಿನ ಮುಂದೆ ನಿಂತ.

"ಏನೋ ಇದು?" ಎಂದ ಮಗ.

"ಈ ಸಲ ನಾನೇ ಎದುರು ಬಂದಿದೀನಿ ಅಪ್ಪ. ನಂಗೆ ಹುಡುಗಿ ಬೇಡ. ನಂಗೆ ದರ್ಶನ್ ಬೇಕು."

ಮಗನ ಕೈ ಹಾರನ್ ಮೇಲೆ ಬಿದ್ದು ಅಲ್ಲೇ ಉಳಿಯಿತು. ಅದು ಕೂಗುತ್ತಲೇ ಇತ್ತು. ಪಕ್ಕದ ಮನೆಯ ಪಟಾಲಮ್ಮ ಕಾಂಪೌಂಡಿನ ಮೇಲೆ ತಲೆ ಹಾಕಿದಳು.

"ಕೈ ತೆಗೀರೀ!" ಎಂದು ರಾಗಿಣಿ ಕಿರುಚಿದಳು.

ತೆಗೆದ. ಎಂಜಿನ್ ಆರಿಸಿದ.

"ಅವರ ಮನೆಗೆ ಫೋನ್ ಮಾಡು" ಎಂದ ಕೊನೆಗೆ.

"ಏನಂತ ಹೇಳ್ಲಿ?" ರಾಗಿಣಿ ಅಳುತ್ತಿದ್ದಳು.

"ಎದುರು ಬಂತು ಅನ್ನು."

ಒಂದು ತಿಂಗಳು ಅವನು ಶಶಿಯೊಂದಿಗೆ ಮಾತಾಡಲಿಲ್ಲ. ಮನೆಯಿಂದ ಹೋಗು ಎಂದೂ ಹೇಳಲಿಲ್ಲ. ಆಮೇಲೊಂದು ಬೆಳಗ್ಗೆ, ಟೆಂಪೋ ಬಂದು ಮುಕ್ಕಾಲು ಗಂಟೆಯಾಗಿರಬೇಕು, ಒಳಗಿನಿಂದಲೇ ಗದರಿದ: "ಇಬ್ರೂ ಬೇಗ ಲೋಡ್ ಮಾಡ್ರೋ, ಸೊಪ್ಪು ಬಾಡ್ತಾ ಇದೆ!"